ಹರಿಮೊಟೊ ಆಟ ನೋಡುವುದು ಹೇಗೆ? ಎರಡನೇ ಚೆಂಡಿನಿಂದ ಶುರು ಮಾಡಿ

ಟೇಬಲ್ ಟೆನಿಸ್ ನೋಡಲು ಕೂತು ಹತ್ತೇ ನಿಮಿಷಕ್ಕೆ ಎದ್ದು ಹೋದವರು ನನಗೆ ತುಂಬಾ ಜನ ಗೊತ್ತು. ಅವರ ತಪ್ಪಿಲ್ಲ. ಚೆಂಡು ಕಣ್ಣಿಗೆ ಸಿಗುವಷ್ಟರಲ್ಲಿ ಪಾಯಿಂಟ್ ಮುಗಿದಿರುತ್ತದೆ. ಯಾರು ಏನು ಮಾಡಿದ್ದಕ್ಕೆ ಗೆದ್ದರು ಅನ್ನುವುದೇ ತಿಳಿಯುವುದಿಲ್ಲ. ಸ್ಕೋರ್ ಮಾತ್ರ ಓಡುತ್ತಿರುತ್ತದೆ.

ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ದಾರಿ ಒಂದೇ. ಎಲ್ಲರನ್ನೂ ನೋಡಬೇಡಿ, ಒಬ್ಬನೇ ಆಟಗಾರನನ್ನು ಹಿಡಿದುಕೊಳ್ಳಿ. ಅವನು ಹುಡುಗನಾಗಿದ್ದಾಗಿನಿಂದ ಕೆಲವು ಪಂದ್ಯಗಳನ್ನು ವರ್ಷದ ಕ್ರಮದಲ್ಲಿ ನೋಡುತ್ತಾ ಬನ್ನಿ. ಒಬ್ಬನ ಆಟ ಅರ್ಥವಾದರೆ ಅವನ ಎದುರು ಆಡುವವರ ಆಟವೂ ತಾನಾಗಿಯೇ ಅರ್ಥವಾಗುತ್ತದೆ. ನಾನು ಹೇಳುವ ಹೆಸರು ಜಪಾನಿನ ತೊಮೊಕಾಝು ಹರಿಮೊಟೊ. ಹದಿಮೂರು ವರ್ಷಕ್ಕೇ ದೊಡ್ಡವರ ಜೊತೆ ಆಡಲು ಇಳಿದ ಹುಡುಗ. ಅವನು ಗೆದ್ದಿದ್ದು, ಸೋತಿದ್ದು, ಆಟವನ್ನು ತಿದ್ದಿಕೊಂಡಿದ್ದು ಎಲ್ಲವೂ ಕ್ಯಾಮೆರಾ ಮುಂದೆಯೇ ಆಗಿದೆ. ಹೀಗೆ ಒಬ್ಬ ಆಟಗಾರ ಬೆಳೆಯುವುದನ್ನು ಪೂರ್ತಿ ನೋಡುವ ಅವಕಾಶ ಜಾಸ್ತಿ ಸಿಗುವುದಿಲ್ಲ.

ಮೊದಲು ಸ್ವಲ್ಪ ತಯಾರಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಫೋನಿಗಿಂತ ಸ್ವಲ್ಪ ದೊಡ್ಡ ಪರದೆ ಇದ್ದರೆ ಒಳ್ಳೆಯದು, ಚೆಂಡು ನಲವತ್ತು ಮಿಲಿಮೀಟರ್ ಅಷ್ಟೇ ಅಲ್ವಾ. ದೊಡ್ಡ ಟೂರ್ನಿಗಳ ವಿಡಿಯೋಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. ಆಟಗಾರನ ಹೆಸರು, ಎದುರಾಳಿಯ ಹೆಸರು, ವರ್ಷ ಹಾಕಿ ಹುಡುಕಿದರೆ ಸಾಕು. ಇಡೀ ಪಂದ್ಯ ಸಿಕ್ಕರೆ ಅದನ್ನೇ ನೋಡಿ. ಹೈಲೈಟ್ಸ್‌ನಲ್ಲಿ ಉದ್ದುದ್ದ ರ‍್ಯಾಲಿಗಳನ್ನಷ್ಟೇ ಇಟ್ಟಿರುತ್ತಾರೆ, ಆದರೆ ಹರಿಮೊಟೊ ಗೆಲ್ಲುವ ಪಾಯಿಂಟುಗಳಲ್ಲಿ ಬಹಳಷ್ಟು ನಾಲ್ಕೈದು ಹೊಡೆತದೊಳಗೆ ಮುಗಿದುಹೋಗುತ್ತವೆ, ಅವು ಹೈಲೈಟ್ಸ್‌ಗೆ ಬರುವುದೇ ಇಲ್ಲ.

ನಿಯಮ ಇಷ್ಟು ಗೊತ್ತಿದ್ದರೆ ಸಾಕು: 11 ಪಾಯಿಂಟಿಗೆ ಒಂದು ಗೇಮ್. ಇಬ್ಬರೂ ಎರಡೆರಡು ಸರ್ವ್ ಮಾಡುತ್ತಾರೆ. 10-10 ಆದರೆ ಒಂದೊಂದೇ ಸರ್ವ್, ಎರಡು ಪಾಯಿಂಟ್ ಮುಂದೆ ಹೋದವರಿಗೆ ಗೇಮ್. ಪಂದ್ಯಕ್ಕೆ ಒಂದು ಸಲ ಒಂದು ನಿಮಿಷದ ಟೈಮ್‌ಔಟ್. ಉಳಿದಿದ್ದು ನೋಡುತ್ತಾ ಬರುತ್ತದೆ.

ಮನೆಯ ಕಥೆ ತಿಳಿದುಕೊಳ್ಳಿ

ಹುಟ್ಟಿದ್ದು 2003ರ ಜೂನ್ 27, ಜಪಾನಿನ ಈಶಾನ್ಯದ ಸೆಂಡೈ ನಗರದಲ್ಲಿ. ಅಪ್ಪ ಅಮ್ಮ ಇಬ್ಬರೂ ಚೀನಾದ ಸಿಚುವಾನ್ ಕಡೆಯವರು, ಇಬ್ಬರೂ ಟೇಬಲ್ ಟೆನಿಸ್ ಆಟಗಾರರು. ಅಮ್ಮ 1995ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಚೀನಾ ಪರ ಆಡಿದವರು. ಅಪ್ಪ ಸೆಂಡೈನಲ್ಲಿ ಕೋಚ್ ಆಗಿದ್ದರು. ಹಾಗಾಗಿ ಮಗುವಿಗೆ ಎರಡನೇ ವಯಸ್ಸಿಗೇ ಕೈಗೆ ಬ್ಯಾಟ್ ಬಂತು. ಜಪಾನಿನಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ವಯಸ್ಸಿಗೆ ತಕ್ಕಂತೆ ರಾಷ್ಟ್ರೀಯ ಪಂದ್ಯಾವಳಿ ಇದೆ. ಅದರಲ್ಲಿ ಒಂದನೇ ಕ್ಲಾಸಿನಿಂದ ಆರನೇ ಕ್ಲಾಸಿನವರೆಗೆ ಆರು ವರ್ಷವೂ ಇವನೇ ಚಾಂಪಿಯನ್.

2014ರಲ್ಲಿ ಜಪಾನ್ ಪೌರತ್ವ ಬಂತು. ಮನೆತನದ ಹೆಸರು ಝಾಂಗ್. ಆ ಅಕ್ಷರವನ್ನು ಬಿಡದೆ ಅದರ ಪಕ್ಕಕ್ಕೆ ಇನ್ನೊಂದು ಅಕ್ಷರ ಸೇರಿಸಿಕೊಂಡು ಹರಿಮೊಟೊ ಆದರು. ಈ ವಿಷಯ ನನಗೆ ಬಹಳ ಇಷ್ಟ. ಮುಂದೆ ಚೀನಾದವರ ಎದುರು ಅವನು ಆಡುವ ಪ್ರತಿ ಪಂದ್ಯವನ್ನೂ ಇದನ್ನು ನೆನಪಿನಲ್ಲಿ ಇಟ್ಟುಕೊಂಡು ನೋಡಿ. 2016ರಲ್ಲಿ ಅವನು ಮನೆ ಬಿಟ್ಟು ಟೋಕಿಯೊಗೆ ಹೋದ. ಅಲ್ಲಿ ಜಪಾನ್ ಒಲಿಂಪಿಕ್ ಸಮಿತಿಯ ಎಲೀಟ್ ಅಕಾಡೆಮಿ ಇದೆ. ಅಲ್ಲಿದ್ದುಕೊಂಡೇ ಶಾಲೆ, ಅಲ್ಲೇ ಅಭ್ಯಾಸ. ಆ ವರ್ಷದ ಕೊನೆಗೆ ಹದಿಮೂರನೇ ವಯಸ್ಸಿನಲ್ಲಿ ವಿಶ್ವ ಜೂನಿಯರ್ ಚಾಂಪಿಯನ್ ಆದ. ಆಗ ಎದುರಿಗಿದ್ದವರಲ್ಲಿ ಕೆಲವರು ಅವನಿಗಿಂತ ನಾಲ್ಕೈದು ವರ್ಷ ದೊಡ್ಡವರು.

ಮಕ್ಕಳನ್ನು ಟಿಟಿ ಕೋಚಿಂಗ್‌ಗೆ ಹಾಕಿರುವ ಅಪ್ಪ ಅಮ್ಮಂದಿರಿಗೆ ಇಲ್ಲೇ ಒಂದು ಮಾತು. ದಯವಿಟ್ಟು ನಿಮ್ಮ ಮಗುವಿನ ವಯಸ್ಸನ್ನು ಇವನ ವಯಸ್ಸಿನ ಪಕ್ಕ ಇಟ್ಟು ನೋಡಬೇಡಿ. ಇವನ ಮನೆಯಲ್ಲೇ ಇಬ್ಬರು ಕೋಚ್ ಇದ್ದಂತೆ, ಊಟದ ಹೊತ್ತಿಗೂ ಅದೇ ಮಾತು ಕಿವಿಗೆ ಬೀಳುವ ಮನೆ ಅದು. ಅವನ ತಂಗಿ ಮಿವಾ 2008ರಲ್ಲಿ ಹುಟ್ಟಿದವಳು. ಅವಳೂ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಜಪಾನ್ ಮಹಿಳಾ ತಂಡದ ಜೊತೆ ಬೆಳ್ಳಿ ಗೆದ್ದಳು. ಅಂಥ ಮನೆಯ ಲೆಕ್ಕ ಬೇರೆ.

ಎರಡನೇ ಚೆಂಡನ್ನು ನೋಡಲು ಕಲಿಯಿರಿ

ಈ ಲೇಖನದಲ್ಲಿ ಒಂದೇ ಒಂದು ಭಾಗ ಓದುವುದಾದರೆ ಇದನ್ನು ಓದಿ.

ಸರ್ವ್ ಮೊದಲನೇ ಚೆಂಡು. ಅದನ್ನು ವಾಪಸ್ ಕಳಿಸುವುದು ಎರಡನೇ ಚೆಂಡು. ಕೋಚ್‌ಗಳು ಹೀಗೇ ಎಣಿಸುತ್ತಾರೆ. ಹಿಂದೆಲ್ಲ ಸರ್ವ್ ಮಾಡುವವನ ಕೈ ಮೇಲಿರುತ್ತಿತ್ತು. ಅವನು ಗಿಡ್ಡ ಸರ್ವ್ ಮಾಡುತ್ತಾನೆ, ಅಂದರೆ ಚೆಂಡು ಎದುರಿನವರ ಟೇಬಲ್ ಮೇಲೆ ಎರಡು ಪುಟ ಬೀಳುವಷ್ಟು ಮೆತ್ತಗೆ. ಅದನ್ನು ಜೋರಾಗಿ ಹೊಡೆಯಲು ಜಾಗವಿರುವುದಿಲ್ಲ, ಟೇಬಲ್ ಅಡ್ಡ ಬರುತ್ತದೆ. ಹಾಗಾಗಿ ಎದುರಿನವರು ಮೆಲ್ಲಗೆ ತಳ್ಳುತ್ತಾರೆ. ಮೂರನೇ ಚೆಂಡಿಗೆ ಸರ್ವ್ ಮಾಡಿದವನು ಬಾರಿಸುತ್ತಾನೆ.

ಈ ಲೆಕ್ಕವನ್ನು ಬದಲಿಸಿದ ಹೊಡೆತದ ಹೆಸರು ಚಿಕಿಟಾ. ಬಾಳೆಹಣ್ಣಿನ ಒಂದು ಬ್ರಾಂಡ್ ಹೆಸರು ಅದು. ಚೆಂಡು ಗಾಳಿಯಲ್ಲಿ ಬಾಳೆಹಣ್ಣಿನ ಹಾಗೆ ಬಾಗಿ ಹೋಗುತ್ತದೆ ಅಂತ ಆ ಹೆಸರು. ಮಾಡುವುದು ಹೀಗೆ: ಬಲಗಾಲನ್ನು ಟೇಬಲ್ ಕೆಳಗೆ ಮುಂದಕ್ಕೆ ಇಡಬೇಕು, ಮೊಣಕೈ ಮೇಲೆತ್ತಬೇಕು, ಮಣಿಕಟ್ಟನ್ನು ಹೊಟ್ಟೆಯ ಕಡೆಗೆ ಪೂರ್ತಿ ಸುತ್ತಿ ಹಿಡಿದು, ಚೆಂಡಿನ ಪಕ್ಕದಿಂದ ಮೇಲಕ್ಕೆ ಸವರಿದಂತೆ ಬ್ಯಾಕ್‌ಹ್ಯಾಂಡ್ ಬಿಚ್ಚಬೇಕು. ಟೇಬಲ್ ಮೇಲಿರುವ ಗಿಡ್ಡ ಚೆಂಡೂ ಆಗ ಸ್ಪಿನ್ ತುಂಬಿಕೊಂಡು ಹಾರುತ್ತದೆ. ಎರಡನೇ ಚೆಂಡಿಗೇ ದಾಳಿ ಶುರುವಾಗಿಬಿಡುತ್ತದೆ.

ಹರಿಮೊಟೊ ಈ ಹೊಡೆತವನ್ನು ಮಾತಾಡಿದಷ್ಟು ಸಲೀಸಾಗಿ ಆಡುತ್ತಾನೆ. ಸರ್ವ್ ತನ್ನ ಬಲಗಡೆಗೆ, ಅಂದರೆ ಫೋರ್‌ಹ್ಯಾಂಡ್ ಜಾಗಕ್ಕೆ ಬಂದರೂ ಬಗ್ಗಿ ಬ್ಯಾಕ್‌ಹ್ಯಾಂಡ್‌ನಲ್ಲೇ ತೆಗೆಯುತ್ತಾನೆ. ಆಮೇಲೆ ಹಿಂದಕ್ಕೆ ಹೋಗುವುದಿಲ್ಲ. ಟೇಬಲ್‌ಗೆ ಅಂಟಿಕೊಂಡು ನಿಂತು, ಚೆಂಡು ಪುಟಿದು ಮೇಲೇಳುತ್ತಿರುವಾಗಲೇ ಹೊಡೆಯುತ್ತಾನೆ. ಎದುರಿನವರಿಗೆ ಉಸಿರು ತೆಗೆದುಕೊಳ್ಳಲು ಸಮಯ ಸಿಗುವುದಿಲ್ಲ.

ಈಗ ಅಭ್ಯಾಸ. ಯಾವುದಾದರೂ ಒಂದು ಗೇಮ್ ಹಾಕಿ. ವೇಗವನ್ನು ಅರ್ಧಕ್ಕೆ ಇಳಿಸಿ. ಎದುರಾಳಿ ಸರ್ವ್ ಮಾಡುವಾಗ ಹರಿಮೊಟೊನ ಬಲಗಾಲು ಮತ್ತು ಮೊಣಕೈ ಬಿಟ್ಟು ಬೇರೇನೂ ನೋಡಬೇಡಿ. ಚಿಕಿಟಾ ಆಡಿದರೆ ನೋಟ್‌ಬುಕ್‌ನಲ್ಲಿ ಒಂದು ಗೆರೆ ಹಾಕಿ, ಆ ಪಾಯಿಂಟ್ ಅವನದ್ದಾದರೆ ಗೆರೆಯ ಮೇಲೆ ಒಂದು ಚುಕ್ಕೆ. ಎರಡು ಗೇಮ್ ಮುಗಿಯುವ ಹೊತ್ತಿಗೆ ಕಣ್ಣು ಪಳಗಿರುತ್ತದೆ. ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಎಷ್ಟೋ ವರ್ಷ ಸುಮ್ನೆ ಚೆಂಡಿನ ಹಿಂದೆ ಕಣ್ಣು ಓಡಿಸುತ್ತಿದ್ದೆ. ಕಾಲು ನೋಡಲು ಶುರು ಮಾಡಿದ ಮೇಲೇ ಈ ಆಟ ನನಗೆ ತೆರೆದುಕೊಂಡಿದ್ದು.

2017: ಹುಡುಗನನ್ನು ನೋಡಿ

ಈ ವರ್ಷದ ಮೂರು ಪಂದ್ಯ ಹೇಳುತ್ತೇನೆ. ಮೊದಲನೆಯದು ನಮ್ಮ ದೆಹಲಿಯಲ್ಲೇ ನಡೆದಿದ್ದು, ಫೆಬ್ರವರಿಯ ಇಂಡಿಯಾ ಓಪನ್ ಫೈನಲ್. ಜರ್ಮನಿಯ ದಿಮಿತ್ರಿ ಒವ್ಚರೋವ್ ಇವನನ್ನು 4-0ಯಲ್ಲಿ ಸೋಲಿಸಿದರು. ಆಗ ಇವನಿಗೆ ಹದಿಮೂರು ವರ್ಷ. ಒಂದು ಗೇಮ್ ನೋಡಿದರೆ ಸಾಕು.

ಎರಡನೆಯದು ಡ್ಯುಸೆಲ್‌ಡಾರ್ಫ್‌ನ ವಿಶ್ವ ಚಾಂಪಿಯನ್‌ಶಿಪ್. ಎರಡನೇ ಸುತ್ತಿನಲ್ಲಿ ಜುನ್ ಮಿಜುತಾನಿ ಎದುರು. ಮಿಜುತಾನಿ ಆಗಷ್ಟೇ ರಿಯೊ ಒಲಿಂಪಿಕ್ಸ್‌ನಲ್ಲಿ ಸಿಂಗಲ್ಸ್ ಕಂಚು ಗೆದ್ದು ಬಂದಿದ್ದವರು, ಅಷ್ಟೊತ್ತಿಗೆ 9 ಸಲ ಜಪಾನ್ ಚಾಂಪಿಯನ್. ಹುಡುಗ 4-1ರಲ್ಲಿ ಗೆದ್ದ. ಅಲ್ಲಿಂದ ಕ್ವಾರ್ಟರ್ ಫೈನಲ್‌ವರೆಗೆ ಹೋಗಿ ಚೀನಾದ ಶು ಶಿನ್ ಎದುರು ಸೋತ. ಮೂರನೆಯದು ಆಗಸ್ಟ್‌ನಲ್ಲಿ ಜೆಕ್ ದೇಶದ ಒಲೊಮೌಟ್ಸ್‌ನಲ್ಲಿ. ಜೆಕ್ ಓಪನ್ ಫೈನಲ್‌ನಲ್ಲಿ ಜರ್ಮನಿಯ ಟಿಮೊ ಬೋಲ್ ಅವರನ್ನು ಸೋಲಿಸಿದ. 14 ವರ್ಷ 61 ದಿನ. ವರ್ಲ್ಡ್ ಟೂರ್‌ನಲ್ಲಿ ಪುರುಷರ ಸಿಂಗಲ್ಸ್ ಗೆದ್ದವರಲ್ಲಿ ಅಷ್ಟು ಚಿಕ್ಕವರು ಅಲ್ಲಿವರೆಗೆ ಯಾರೂ ಇರಲಿಲ್ಲ.

ಈ ಪಂದ್ಯಗಳಲ್ಲಿ ಅವನ ಕೂಗು ಕೇಳಿಸುತ್ತದೆ. ಪಾಯಿಂಟ್ ಗೆದ್ದಾಗ ‘ಚೋ ರೇ!’ ಅಂತ ಇಡೀ ಹಾಲ್ ತುಂಬುವಂತೆ ಕೂಗುತ್ತಾನೆ. ಕೆಲವರಿಗೆ ಅದು ಹಿಡಿಸುವುದಿಲ್ಲ. ನನಗಂತೂ ಅದರಲ್ಲಿ ಸೊಕ್ಕು ಕಾಣುವುದಿಲ್ಲ. ಎದುರಿಗೆ ತನ್ನ ಎರಡರಷ್ಟು ವಯಸ್ಸಿನ, ಟಿವಿಯಲ್ಲಿ ನೋಡಿಕೊಂಡು ಬೆಳೆದ ಆಟಗಾರ ನಿಂತಿರುವಾಗ ಒಬ್ಬ ಹುಡುಗ ತನಗೆ ತಾನೇ ಧೈರ್ಯ ಹೇಳಿಕೊಳ್ಳುವ ರೀತಿ ಅದು ಅನ್ನಿಸುತ್ತದೆ. ಕೂಗು ಯಾವಾಗ ಜೋರಾಗುತ್ತದೆ, ಯಾವಾಗ ನಿಲ್ಲುತ್ತದೆ ಅಂತ ಗುರುತು ಹಾಕಿಕೊಳ್ಳಿ. ಪ್ಯಾರಿಸ್ ಪಂದ್ಯಗಳಿಗೆ ಬಂದಾಗ ಇದು ಉಪಯೋಗಕ್ಕೆ ಬರುತ್ತದೆ.

2018: ಕಿತಾಕ್ಯುಶು, ಪೂರ್ತಿ ನೋಡಿ

ಜನವರಿಯಲ್ಲಿ ಮತ್ತೆ ಮಿಜುತಾನಿಯನ್ನು ಸೋಲಿಸಿ, ಹದಿನಾಲ್ಕನೇ ವಯಸ್ಸಿಗೆ ಆಲ್ ಜಪಾನ್ ಚಾಂಪಿಯನ್ ಆದ. ಆದರೆ ನೀವು ಬಿಡದೆ ನೋಡಬೇಕಾದದ್ದು ಜೂನ್ ತಿಂಗಳ ಜಪಾನ್ ಓಪನ್. ಕಿತಾಕ್ಯುಶು ಊರಿನಲ್ಲಿ ನಡೆದಿದ್ದು. ಕ್ವಾರ್ಟರ್ ಫೈನಲ್‌ನಲ್ಲಿ ಮಾ ಲಾಂಗ್, ಫೈನಲ್‌ನಲ್ಲಿ ಝಾಂಗ್ ಜಿಕೆ, ಇಬ್ಬರೂ ಚೀನಾದವರು. ಒಬ್ಬರು ಆಗಿನ ಒಲಿಂಪಿಕ್ ಚಾಂಪಿಯನ್, ಇನ್ನೊಬ್ಬರು ಅದರ ಹಿಂದಿನ ಒಲಿಂಪಿಕ್ ಚಾಂಪಿಯನ್. ಒಂದೇ ಟೂರ್ನಿಯಲ್ಲಿ ಇಬ್ಬರನ್ನೂ ಒಬ್ಬ ಹದಿನಾಲ್ಕರ ಹುಡುಗ ದಾಟಿದ.

ಫೈನಲ್ ಏಳನೇ ಗೇಮ್‌ಗೆ ಹೋಗಿ 13-11ರಲ್ಲಿ ಮುಗಿಯಿತು. ಇದನ್ನು ಎರಡು ಸಲ ನೋಡಿ. ಮೊದಲ ಸಲ ಸುಮ್ಮನೆ ಖುಷಿಗೆ. ಎರಡನೇ ಸಲ ಝಾಂಗ್ ಜಿಕೆಯ ಸರ್ವ್‌ಗಳನ್ನು ಮಾತ್ರ ನೋಡಿ. ಚಿಕಿಟಾವನ್ನು ದೊಡ್ಡ ಆಯುಧ ಮಾಡಿ ಜಗತ್ತಿಗೆ ತೋರಿಸಿದವರಲ್ಲಿ ಅವರೇ ಮುಖ್ಯರು. ಆ ಹೊಡೆತ ನೋಡಿಕೊಂಡು ಬೆಳೆದ ಹುಡುಗ ಈಗ ಅದನ್ನೇ ಹಿಡಿದುಕೊಂಡು ಎದುರಿಗೆ ನಿಂತಿದ್ದಾನೆ. ಯಾರು ಯಾರಿಗೆ ಗಿಡ್ಡ ಸರ್ವ್ ಮಾಡಲು ಹಿಂಜರಿಯುತ್ತಿದ್ದಾರೆ, ಯಾರು ಉದ್ದ ಸರ್ವ್‌ಗೆ ತಿರುಗುತ್ತಿದ್ದಾರೆ ಅಂತ ಬರೆದುಕೊಳ್ಳಿ. ಅಷ್ಟು ಮಾಡಿದರೆ ಆ ಗೇಮ್ ನಿಮಗೆ ಕಥೆಯ ಹಾಗೆ ಓದಿಸಿಕೊಂಡು ಹೋಗುತ್ತದೆ.

ಅದೇ ಡಿಸೆಂಬರ್‌ನಲ್ಲಿ ಇಂಚಿಯಾನ್‌ನ ಗ್ರ್ಯಾಂಡ್ ಫೈನಲ್ಸ್ ಕೂಡ ಗೆದ್ದ, ಲಿನ್ ಗಾವೊಯುವಾನ್ ಎದುರು. ಸಮಯವಿದ್ದರೆ ನೋಡಿ.

ಈಗ ಸೋಲುಗಳು

ಇಲ್ಲಿ ಬಹಳ ಜನ ವಿಡಿಯೋ ಬದಲಿಸಿಬಿಡುತ್ತಾರೆ. ಬದಲಿಸಬೇಡಿ. ಗೆಲುವಿಗಿಂತ ಜಾಸ್ತಿ ಕಲಿಸುವ ಪಂದ್ಯಗಳು ಇವು.

ಒಬ್ಬ ಆಟಗಾರ ಇಷ್ಟು ಸಣ್ಣ ವಯಸ್ಸಿಗೆ ಎಲ್ಲರನ್ನೂ ಸೋಲಿಸಿದರೆ ಏನಾಗುತ್ತದೆ? ಎಲ್ಲ ದೇಶದ ಕೋಚ್‌ಗಳೂ ಅವನ ವಿಡಿಯೋ ಹಾಕಿಕೊಂಡು ಕೂರುತ್ತಾರೆ. ಅವರಿಗೆ ಕಂಡಿದ್ದು ನಿಮಗೂ ಈಗ ಕಾಣಬೇಕು. ಹರಿಮೊಟೊ ಯಾವಾಗಲೂ ಬ್ಯಾಕ್‌ಹ್ಯಾಂಡ್‌ಗೆ ಸಿದ್ಧನಾಗಿ ನಿಲ್ಲುತ್ತಾನೆ. ಹಾಗೆ ನಿಂತಾಗ ಎರಡು ಕಡೆ ಸಂದು ಉಳಿಯುತ್ತದೆ. ಒಂದು ಬಲಗಡೆಯ ಮೂಲೆ. ಇನ್ನೊಂದು ಅವನ ಬಲ ಮೊಣಕೈ ಹತ್ತಿರ, ಬ್ಯಾಕ್‌ಹ್ಯಾಂಡೋ ಫೋರ್‌ಹ್ಯಾಂಡೋ ಅಂತ ತೀರ್ಮಾನ ಮಾಡಲು ಕ್ಷಣ ಬೇಕಾಗುವ ಜಾಗ. ಅವನು ಟೇಬಲ್‌ಗೆ ಅಂಟಿಕೊಂಡು ನಿಲ್ಲುವುದರಿಂದ ಆ ಕ್ಷಣವೇ ಅವನಿಗೆ ಸಿಗುವುದಿಲ್ಲ. ಅವನನ್ನು ಗೆಲ್ಲಿಸಿದ ನಿಲುವೇ ಬಲಗಡೆಯ ಬಾಗಿಲನ್ನು ತೆರೆದಿಟ್ಟಿತ್ತು.

2019ರಲ್ಲಿ ಯೋಗ್ಯಕರ್ತಾದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ನಮ್ಮ ಚೆನ್ನೈನ ಸತ್ಯನ್ ಜ್ಞಾನಶೇಖರನ್ ಇವನನ್ನು ಸೋಲಿಸಿದರು. ಆಗ ಹರಿಮೊಟೊ ವಿಶ್ವದ ಮೊದಲ ಐದು ಆಟಗಾರರಲ್ಲಿ ಒಬ್ಬ. ಸತ್ಯನ್ ಅವರೂ ಟೇಬಲ್ ಬಿಟ್ಟು ಹಿಂದೆ ಹೋಗದೆ ವೇಗವಾಗಿ ಆಡುವವರು. ಭಾರತದ ಆಟಗಾರರಿಗೆ ಇದು ಆಗದ ಕೆಲಸ ಅಂದುಕೊಂಡಿರುವ ಮಕ್ಕಳಿಗೆ ಈ ಪಂದ್ಯ ತೋರಿಸಿ. ಸಂಜೆ ಕ್ಲಬ್ಬಿನಲ್ಲಿ ಆಡುವ ನಮ್ಮಂಥವರಿಗೂ ಇದರಲ್ಲಿ ಕಲಿಯಲು ಬೇಕಾದಷ್ಟು ಸಿಗುತ್ತದೆ.

ಆಮೇಲೆ ಟೋಕಿಯೊ ಒಲಿಂಪಿಕ್ಸ್, ನಡೆದಿದ್ದು 2021ರಲ್ಲಿ. ತನ್ನ ದೇಶದಲ್ಲೇ ಒಲಿಂಪಿಕ್ಸ್, ಹದಿನೆಂಟು ವರ್ಷ, ಪದಕ ಬಂದೇ ಬರುತ್ತದೆ ಅನ್ನುವ ನಿರೀಕ್ಷೆ. ನಾಲ್ಕನೇ ಸುತ್ತಿನಲ್ಲಿ ಸ್ಲೊವೇನಿಯಾದ ದಾರ್ಕೊ ಯೋರ್ಗಿಚ್ ಎದುರು 3-4ರಲ್ಲಿ ಹೊರಗೆ. ಇಲ್ಲಿ ನೋಟ್‌ಬುಕ್‌ನಲ್ಲಿ ಬೇರೆ ಲೆಕ್ಕ ಇಡಿ. ಟೇಬಲ್‌ನ ಒಂದು ಚಿತ್ರ ಬರೆದು ಬಲ, ನಡು, ಎಡ ಅಂತ ಮೂರು ಪಾಲು ಮಾಡಿ. ಹರಿಮೊಟೊ ಕಳೆದುಕೊಂಡ ಪ್ರತಿ ಪಾಯಿಂಟಿನಲ್ಲಿ ಕೊನೆಯ ಚೆಂಡು ಎಲ್ಲಿ ಬಂತು ಅಂತ ಚುಕ್ಕೆ ಇಡಿ. ಚುಕ್ಕೆಗಳು ಎಲ್ಲಿ ಗುಂಪಾಗುತ್ತವೆ ಅಂತ ನೀವೇ ನೋಡಿ.

ತಂಡದ ಸ್ಪರ್ಧೆಯಲ್ಲಿ ಕಂಚು ಬಂತು. ಪೋಡಿಯಂ ಮೇಲೆ ಅವನ ಪಕ್ಕದಲ್ಲಿ ನಿಂತಿದ್ದವರಲ್ಲಿ ಒಬ್ಬರು ಮಿಜುತಾನಿ, ಹದಿಮೂರನೇ ವಯಸ್ಸಿನಲ್ಲಿ ಇವನು ಸೋಲಿಸಿದ್ದ ಅದೇ ಮಿಜುತಾನಿ. ಆ ಫೋಟೋ ಹುಡುಕಿ ನೋಡಿ, ಚೆನ್ನಾಗಿದೆ.

2022: ಚೆಂಗ್ಡು ಮತ್ತು ಬ್ಯಾಂಕಾಕ್

ಇದನ್ನು ಬೇಗ ಮುಗಿಸೋಣ. ಚೆಂಗ್ಡು ಇರುವುದು ಸಿಚುವಾನ್‌ನಲ್ಲಿ, ಅಪ್ಪ ಅಮ್ಮನ ನಾಡಿನಲ್ಲಿ. ಅಲ್ಲಿ ವಿಶ್ವ ತಂಡ ಚಾಂಪಿಯನ್‌ಶಿಪ್ ಸೆಮಿಫೈನಲ್‌ನಲ್ಲಿ ಚೀನಾದ ವಾಂಗ್ ಚುಚಿನ್ ಮತ್ತು ಫಾನ್ ಝೆಂಡಾಂಗ್ ಇಬ್ಬರನ್ನೂ ಹರಿಮೊಟೊ ಸೋಲಿಸಿದ. ಆದರೂ ಜಪಾನ್ 2-3ರಲ್ಲಿ ಸೋತಿತು, ಉಳಿದ ಮೂರು ಪಂದ್ಯಗಳು ಚೀನಾಕ್ಕೆ ಹೋದವು. ಫಾನ್ ಎದುರಿನ ಪಂದ್ಯ ನೋಡಿ. ಬಲಗಡೆಯ ಮೂಲೆಗೆ ಬಂದ ಚೆಂಡಿಗೆ ಈಗ ಅವನ ಉತ್ತರ ಏನು ಅನ್ನುವುದಷ್ಟೇ ಗಮನಿಸಿ. ನವೆಂಬರ್‌ನಲ್ಲಿ ಬ್ಯಾಂಕಾಕ್‌ನ ಏಷ್ಯನ್ ಕಪ್ ಗೆದ್ದ. ನಮ್ಮ ಮನಿಕಾ ಬಾತ್ರಾ ಕಂಚು ಗೆದ್ದು, ಆ ಟೂರ್ನಿಯಲ್ಲಿ ಪದಕ ಪಡೆದ ಮೊದಲ ಭಾರತೀಯ ಮಹಿಳೆ ಆದದ್ದು ಅದೇ ಸಲ.

ಪ್ಯಾರಿಸ್, ಮನಸ್ಸು ಗಟ್ಟಿ ಮಾಡಿಕೊಂಡು

2024ರ ಜುಲೈ ಕೊನೆ, ಆಗಸ್ಟ್ ಮೊದಲು. ಇದಕ್ಕೆ ಎರಡು ಸಂಜೆ ಬಿಡುವು ಮಾಡಿಕೊಳ್ಳಿ. ಒಂದೇ ದಿನ ಎರಡೂ ಪಂದ್ಯ ನೋಡಬೇಡಿ. ನಾನು ಹಾಗೆ ನೋಡಿ ಆ ರಾತ್ರಿ ನಿದ್ದೆ ಬರಲಿಲ್ಲ.

ಮೊದಲ ಸಂಜೆ ಫಾನ್ ಝೆಂಡಾಂಗ್ ಎದುರಿನ ಕ್ವಾರ್ಟರ್ ಫೈನಲ್. ಮೊದಲ ಗೇಮ್ 11-2ರಲ್ಲಿ ಹರಿಮೊಟೊಗೆ. ಎರಡನೆಯದೂ ಅವನಿಗೇ. ಮುಂದಿನ ಎರಡು ಫಾನ್‌ಗೆ. ಐದನೆಯದು ಮತ್ತೆ ಇವನಿಗೆ. 3-2 ಮುಂದಿದ್ದಾನೆ, ಇನ್ನೊಂದು ಗೇಮ್ ಬಂದರೆ ಸೆಮಿಫೈನಲ್. ಬರಲಿಲ್ಲ. 3-4. ಫಾನ್ ಮುಂದೆ ಹೋಗಿ ಚಿನ್ನ ಗೆದ್ದರು.

ಇಲ್ಲಿ ನೀವು ಮಾಡಬೇಕಾದ ಕೆಲಸ ಒಂದು. ಮೊದಲ ಗೇಮ್ ಮತ್ತು ಏಳನೇ ಗೇಮ್ ಎರಡನ್ನೇ ತೆಗೆದುಕೊಂಡು, ಫಾನ್‌ನ ಸರ್ವ್ ಎಲ್ಲಿಗೆ ಬೀಳುತ್ತಿದೆ, ಎಷ್ಟು ಉದ್ದ ಬರುತ್ತಿದೆ ಅಂತ ಬರೆಯಿರಿ. ಮುಂಚೆ ಕಲಿತ ಎರಡನೇ ಚೆಂಡಿನ ಲೆಕ್ಕವನ್ನೂ ಪಕ್ಕದಲ್ಲೇ ಇಡಿ. ಏಳು ಗೇಮ್‌ಗಳ ಪಂದ್ಯದಲ್ಲಿ ಎದುರಿನವರು ಕಲಿಯುತ್ತಾ ಹೋಗುತ್ತಾರೆ. ಮೊದಲ ಗೇಮ್‌ನಲ್ಲಿ ಬೆಚ್ಚಿಬಿದ್ದವರು ಆರನೇ ಗೇಮ್ ಹೊತ್ತಿಗೆ ಬೇರೆಯೇ ಆಟಗಾರರಾಗಿರುತ್ತಾರೆ. ಅದನ್ನು ಹಾಳೆಯ ಮೇಲೆ ಕಾಣುವುದು ಎಷ್ಟು ಚೆಂದ ಗೊತ್ತಾ!

ಎರಡನೇ ಸಂಜೆ ಸ್ವೀಡನ್ ಎದುರಿನ ತಂಡ ಸೆಮಿಫೈನಲ್. ಡಬಲ್ಸ್ ಜಪಾನ್‌ಗೆ. ಹರಿಮೊಟೊ ತ್ರುಲ್ಸ್ ಮೊರೆಗಾರ್ಡ್ ಅವರನ್ನು ಸೋಲಿಸಿದ, ಜಪಾನ್ 2-0 ಮುಂದೆ. ಮೊರೆಗಾರ್ಡ್ ಅಂದರೆ ಅದೇ ಒಲಿಂಪಿಕ್ಸ್‌ನ ಸಿಂಗಲ್ಸ್ ಬೆಳ್ಳಿ ವಿಜೇತ. ಆಮೇಲೆ ಎರಡು ಪಂದ್ಯ ಸ್ವೀಡನ್‌ಗೆ ಹೋದವು. 2-2. ಕೊನೆಯ ಪಂದ್ಯಕ್ಕೆ ಹರಿಮೊಟೊ ಮತ್ತೆ ಬಂದ, ಎದುರಿಗೆ ಆಂಟನ್ ಷೆಲ್ಬರಿ. ಎರಡು ಗೇಮ್ ಗೆದ್ದ. ಇನ್ನೊಂದು ಗೆದ್ದರೆ ಜಪಾನ್ ಫೈನಲ್‌ಗೆ. ಮೂರೂ ಗೇಮ್ ಕೈಬಿಟ್ಟುಹೋದವು. ಕಂಚಿನ ಪಂದ್ಯದಲ್ಲೂ ಫ್ರಾನ್ಸ್ ಎದುರು 2-3.

ಈ ಪಂದ್ಯವನ್ನು ಕೋಚಿನ ಕಣ್ಣಿನಿಂದ ನೋಡಬೇಡಿ. ಮೂರನೇ ಗೇಮಿನಿಂದ ಮುಂದೆ ಅವನ ಕೂಗನ್ನು ಕೇಳುತ್ತಾ ಹೋಗಿ. ಪಾಯಿಂಟ್‌ಗಳ ನಡುವೆ ಅವನ ಕಣ್ಣು ಎಲ್ಲಿರುತ್ತದೆ ನೋಡಿ. ‘ಒತ್ತಡ ತಡೆಯಲಾರ’ ಅಂತ ಒಂದೇ ಮಾತಿನಲ್ಲಿ ಬರೆದು ಮುಗಿಸಿದವರು ಬಹಳ ಜನ. ನಾನು ಅದನ್ನು ಒಪ್ಪುವುದಿಲ್ಲ. ಅದೇ ವರ್ಷದ ಜನವರಿಯಲ್ಲಿ ಆಲ್ ಜಪಾನ್ ಫೈನಲ್‌ನಲ್ಲಿ ಇವನೇ ಶುನ್ಸುಕೆ ತೊಗಾಮಿ ಎದುರು ಹಲವು ಮ್ಯಾಚ್ ಪಾಯಿಂಟ್‌ಗಳನ್ನು ಉಳಿಸಿಕೊಂಡು, ಏಳನೇ ಗೇಮ್‌ನಲ್ಲಿ ಗೆದ್ದು, ಆರು ವರ್ಷದ ನಂತರ ಮತ್ತೆ ಚಾಂಪಿಯನ್ ಆಗಿದ್ದ. ಒತ್ತಡ ತಡೆಯಲಾರದವನು ಅದನ್ನು ಹೇಗೆ ಮಾಡುತ್ತಾನೆ? ಆ ಫೈನಲ್ ಸಿಕ್ಕರೆ ಷೆಲ್ಬರಿ ಪಂದ್ಯದ ಮರುದಿನ ನೋಡಿ.

ಅಸ್ತಾನಾ

ಪ್ಯಾರಿಸ್ ಮುಗಿದು ಎರಡು ತಿಂಗಳು. ಅಕ್ಟೋಬರ್‌ನಲ್ಲಿ ಕಝಾಕಿಸ್ತಾನದ ಅಸ್ತಾನಾದಲ್ಲಿ ಏಷ್ಯನ್ ಚಾಂಪಿಯನ್‌ಶಿಪ್. ಫೈನಲ್‌ನಲ್ಲಿ ಚೀನಾದ ಲಿನ್ ಶಿಡಾಂಗ್ ಅವರನ್ನು 3-1ರಲ್ಲಿ ಸೋಲಿಸಿ ಹರಿಮೊಟೊ ಚಿನ್ನ ಗೆದ್ದ. ಜಪಾನಿನ ಪುರುಷ ಆಟಗಾರನೊಬ್ಬ ಈ ಸಿಂಗಲ್ಸ್ ಪಟ್ಟ ಗೆದ್ದದ್ದು 1974ರ ನಂತರ ಇದೇ ಮೊದಲು. ಆಗ ಗೆದ್ದವರು ನೊಬುಹಿಕೊ ಹಸೆಗಾವಾ. ನಡುವೆ ಐವತ್ತು ವರ್ಷ.

ಲಿನ್ ಇವನಿಗಿಂತ ಚಿಕ್ಕವರು. ವಯಸ್ಸಿನ ಲೆಕ್ಕದಲ್ಲಿ ಇಲ್ಲಿ ದೊಡ್ಡವನು ಹರಿಮೊಟೊ. ಇಪ್ಪತ್ತೊಂದಕ್ಕೇ ಅವನು ಆ ಕಡೆಗೆ ಬಂದು ನಿಂತಿದ್ದ.

ಈಗ ಒಲೊಮೌಟ್ಸ್ ಫೈನಲ್ ಒಂದು ಕಿಟಕಿಯಲ್ಲಿ, ಅಸ್ತಾನಾ ಫೈನಲ್ ಇನ್ನೊಂದು ಕಿಟಕಿಯಲ್ಲಿ ತೆರೆಯಿರಿ. ಒಂದೊಂದು ಗೇಮ್ ಸಾಕು. ಚೆಂಡು ಬಲಗಡೆಯ ಮೂಲೆಗೆ ಹೋದ ಕಡೆಯಲ್ಲೆಲ್ಲ ನಿಲ್ಲಿಸಿ. ಎರಡರಲ್ಲೂ ಅವನ ಬಲಗಾಲು ಎಲ್ಲಿದೆ, ಅಲ್ಲಿಗೆ ಎಷ್ಟು ಬೇಗ ಬಂತು, ಹೊಡೆದ ಮೇಲೆ ಎಡಕ್ಕೆ ವಾಪಸ್ ಬರಲು ಎಷ್ಟು ಹೆಜ್ಜೆ ಹಾಕಿದ ಅಂತ ಹೋಲಿಸಿ. ಏಳು ವರ್ಷದ ಕೆಲಸ ಆ ಕಾಲಿನಲ್ಲಿ ಕಾಣುತ್ತದೆ.

ಅದಾದ ಮೇಲೆ 2025ರ ಆಗಸ್ಟ್‌ನ ಯೊಕೊಹಾಮಾ ಚಾಂಪಿಯನ್ಸ್ ಫೈನಲ್ ಇದೆ. ವಾಂಗ್ ಚುಚಿನ್ ಎದುರು, ಜಪಾನಿನ ಜನರ ಮುಂದೆಯೇ ಗೆದ್ದಿದ್ದು. ಅದರ ಬಗ್ಗೆ ನಾನು ಏನೂ ಹೇಳುವುದಿಲ್ಲ. ನೋಟ್‌ಬುಕ್‌ನಲ್ಲಿ ಹೊಸ ಪುಟ ತೆಗೆದು, ವೇಗ ಇಳಿಸದೆ, ನೀವೇ ನೋಡಿ.